ಕೀಲಿಯನ್ನು ಮಗನ ಕೈಗಿಡುವ ಮುನ್ನ

(ಯಲ್ದೂರಿನಲ್ಲಿ ಯುವಕರನ್ನೂ ಹೆತ್ತವರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಭೆಗೆ ನಮ್ಮನ್ನು ಆಹ್ವಾನಿಸಿದ ಯುವಕರು 'ಯಾವುದಾದರೊಂದು ಸಾಮಾಜಿಕ ವಿಷಯದ ಕುರಿತು ಮಾತನಾಡಿ' ಎಂದಷ್ಟೇ ಹೇಳಿದ್ದರು. ವರದಕ್ಷಿಣೆ, ದುಂದುವೆಚ್ಚದ ಮದುವೆ, ಹೆಣ್ಣುಮಕ್ಕಳ ಶಿಕ್ಷಣ ಮುಂತಾದವು ಅವರ ಮನಸ್ಸಿನಲ್ಲಿದ್ದಿರಬಹುದು. ಆದರೆ ನಾವು ಇಂದು ಆರಿಸಿಕೊಂಡಿರುವ ವಿಷಯವು ಈ ಕಟ್ಟಡದ ಹೊರಗೆ ಸಾಲಾಗಿ ನಿಂತಿದೆ. ಒಳಬರುವಾಗ ಬೈಕುಗಳನ್ನು ಎಣಿಸಿದೆವು. ನಲವತ್ತಮೂರು ಇದ್ದವು. ಅವುಗಳ ಕನ್ನಡಿಗೆ, ಟ್ಯಾಂಕಿಗೆ ನೇತುಹಾಕಿದ್ದ ಹೆಲ್ಮೆಟ್‌ಗಳನ್ನೂ ಎಣಿಸಿದೆವು. ಆರು ಇದ್ದವು. ನಮ್ಮ ಇಂದಿನ ಭಾಷಣದ ಅವಶ್ಯಕತೆ ಏನೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪೀಠಿಕೆ ಬೇಕಿಲ್ಲವೆಂದು ಭಾವಿಸುತ್ತೇವೆ.

ಬೈಕ್ ಓಡಿಸುವುದು ಕೂಡಾ ಭಾಷಣದ ವಿಷಯವೇ ಎಂದು ಕೆಲವರಿಗೆ ಅನಿಸಬಹುದು. ಒಮ್ಮೆ ಯೋಚಿಸಿ ನೋಡಿ. ಒಂದು ಕಾಲದಲ್ಲಿ ಬೈಕ್ ಎಂಬುದು ಹಳ್ಳಿಗೊಂದು, ಓಣಿಗೊಂದು ಇರುತ್ತಿದ್ದ ವಸ್ತು. ನಮ್ಮದೇ ರಾಜ್ಯದ ಮೈಸೂರಿನಲ್ಲಿ 1961ರಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಗಾಡಿಗಳ ಸದ್ದು ಕೇಳಿದರೆ ಮಕ್ಕಳು ಬೀದಿಗೆ ಓಡಿ ಬರುತ್ತಿದ್ದರೆಂದು ನಮ್ಮ ಹಿರಿಯರು ಹೇಳುತ್ತಾರೆ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 2013ರಲ್ಲಿ ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲೇ ಹೋಂಡಾ ಸಂಸ್ಥೆಯ ದ್ವಿಚಕ್ರ ವಾಹನ ಕಾರ್ಖಾನೆ ಆರಂಭವಾಯಿತು. ಇಂದು ಬೈಕ್ ಇಲ್ಲದ ಮನೆ ಅಪರೂಪ. ಡೇರಿಗೆ ಹಾಲು ಕೊಂಡೊಯ್ಯಲು ಬೈಕ್ ಬೇಕು. ತೋಟಕ್ಕೆ ಹೋಗಲು, ಶ್ರೀನಿವಾಸಪುರದ ಅಂಗಡಿಗೆ ಕೆಲಸಕ್ಕೆ ಹೋಗಲು, ಕೋಲಾರದ ಆಸ್ಪತ್ರೆಗೆ ಅಜ್ಜಿಯನ್ನು ಕರೆದೊಯ್ಯಲು ಬೈಕೇ ಗತಿ. ಬಸ್ಸು ಹೊತ್ತಿಗೆ ಸರಿಯಾಗಿ ಬಾರದ ಊರುಗಳಲ್ಲಿ ಬೈಕು ಆಡಂಬರವಲ್ಲ, ಅನಿವಾರ್ಯತೆ. ಅದನ್ನು ನಾವು ಒಪ್ಪುತ್ತೇವೆ. ಆದರೆ ಅನಿವಾರ್ಯವಾದ ಈ ವಿದ್ಯೆಯನ್ನು ನಾವು ಎಲ್ಲಿ ಕಲಿತೆವು? ಯಾರಿಂದ ಕಲಿತೆವು? ಎಷ್ಟು ಕಲಿತೆವು? ಈ ಪ್ರಶ್ನೆಗಳನ್ನು ಮಾತ್ರ ನಾವು ಕೇಳಿಕೊಂಡಿಲ್ಲ.

ಕೇಂದ್ರ ಸರಕಾರದ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರ ಪೈಕಿ 74,897 ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರು 50,029; ಇವರಲ್ಲಿ ಹಿಂದೆ ಕುಳಿತಿದ್ದವರೇ 14,337. ಕೋಮುಗಲಭೆಯಲ್ಲಿ ಹತ್ತು ಮಂದಿ ಸತ್ತರೆ ಸಂಸತ್ತಿನಲ್ಲಿ ಚರ್ಚೆಯಾಗುತ್ತದೆ. ಆಗಲೇಬೇಕು. ಆದರೆ ಒಂದೇ ವರ್ಷದಲ್ಲಿ ಒಂದು ಪಟ್ಟಣದಷ್ಟು ಜನ ಬೈಕಿನಿಂದ ಬಿದ್ದು ಸತ್ತರೆ ನಾವು 'ಅವನ ಆಯುಷ್ಯ ಅಷ್ಟೇ' ಎಂದು ಹೇಳಿ ಮಣ್ಣು ಕೊಟ್ಟು ಬರುತ್ತೇವೆ. ಹೆಲ್ಮೆಟ್‌ನ ಪಟ್ಟಿ ಬಿಗಿಯದ ನಮ್ಮ ನಿರ್ಲಕ್ಷ್ಯವನ್ನು ವಿಧಿಯ ಲೆಕ್ಕಕ್ಕೆ ಬರೆಯುವುದು ನ್ಯಾಯವೇ?

ಇನ್ನೊಂದು ಅಧ್ಯಯನದ ಬಗ್ಗೆ ಹೇಳುತ್ತೇವೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಎಂಬ ಸಂಶೋಧಕರು ಲಾಸ್ ಏಂಜಲೀಸ್ ಪ್ರದೇಶದ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಪ್ರಕಟಿಸಿದರು. ಅಪಘಾತಕ್ಕೀಡಾದ ಸವಾರರಲ್ಲಿ ನೂರಕ್ಕೆ 92 ಮಂದಿ ತಾವೇ ಕಲಿತವರು ಅಥವಾ ಮನೆಯವರಿಂದ, ಗೆಳೆಯರಿಂದ ಕಲಿತವರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಬೈಕಿನ ಮೇಲೆ ಐದು ತಿಂಗಳ ಅನುಭವವೂ ಇರಲಿಲ್ಲ. ಅಮೆರಿಕದ ಮಾತು ನಮಗೇಕೆ ಎನ್ನಬೇಡಿ. ಈ ಸಭೆಯಲ್ಲಿ ತರಬೇತಿ ಶಾಲೆಯಲ್ಲಿ ಬೈಕ್ ಕಲಿತವರು ಕೈಯೆತ್ತಿ ಎಂದರೆ ಎಷ್ಟು ಕೈಗಳು ಮೇಲೇಳುತ್ತವೆ? ನಮ್ಮ ಕೈಯೂ ಏಳುವುದಿಲ್ಲ.

ನಾವು ಕಲಿತದ್ದು ಹದಿನಾರನೆಯ ವಯಸ್ಸಿನಲ್ಲಿ. ಮದ್ರಸದ ರಜೆಯಲ್ಲಿ ಊರಿಗೆ ಬಂದಾಗ ನಮ್ಮ ಮಾಮು ತಮ್ಮ ಗಾಡಿಯ ಹಿಂದೆ ಕುಳಿತು, ಶಾಲೆಯ ಮೈದಾನದಲ್ಲಿ ಎರಡು ಸುತ್ತು ಹೊಡೆಸಿ, ಮೂರನೆಯ ಸುತ್ತಿಗೆ ಇಳಿದು ಬೀಡಾ ತಿನ್ನಲು ಹೋದರು. ನಮ್ಮ ತರಬೇತಿ ಅಲ್ಲಿಗೆ ಮುಗಿಯಿತು. ಅವರು ಕೊಟ್ಟ ಉಪದೇಶ ಒಂದೇ: 'ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ.' ಬಹುಶಃ ಈ ಸಭೆಯಲ್ಲಿರುವ ಅರ್ಧದಷ್ಟು ಯುವಕರಿಗೆ ಅವರ ಮಾಮುವೋ ಚಾಚಾವೋ ಇದೇ ಮಾತನ್ನು ಹೇಳಿಕೊಟ್ಟಿದ್ದಾರೆ. ಹೊಸಬರು ಕಲಿಯುವ ಮೊದಲ ತಪ್ಪು ಇದೇ ಆಗಿದೆ.

ಗಾಡಿಯನ್ನು ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಇರುವುದು ಮುಂದಿನ ಚಕ್ರದಲ್ಲಿ. ಬ್ರೇಕ್ ಹಿಡಿದೊಡನೆ ಭಾರವೆಲ್ಲ ಮುಂದಕ್ಕೆ ಜರುಗುತ್ತದೆ. ಮುಂದಿನ ಚಕ್ರ ರಸ್ತೆಯನ್ನು ಒತ್ತಿ ಹಿಡಿಯುತ್ತದೆ, ಹಿಂದಿನದು ಹಗುರವಾಗುತ್ತದೆ. ಹಗುರವಾದ ಚಕ್ರಕ್ಕೆ ಕಾಲಿನಿಂದ ಜೋರಾಗಿ ಬ್ರೇಕ್ ಒತ್ತಿದರೆ ಅದು ತಿರುಗುವುದನ್ನು ನಿಲ್ಲಿಸಿ ಜಾರುತ್ತದೆ, ಗಾಡಿ ಅಡ್ಡ ತಿರುಗುತ್ತದೆ. ಹಾಗೆಂದು ಮುಂದಿನ ಬ್ರೇಕನ್ನು ಗಕ್ಕನೆ ಹಿಡಿಯಬಾರದು. ಎರಡನ್ನೂ ಒಟ್ಟಿಗೆ, ನಿಂಬೆಹಣ್ಣು ಹಿಂಡುವಂತೆ ಮೆಲ್ಲನೆ ಆರಂಭಿಸಿ ಬಿಗಿ ಹೆಚ್ಚಿಸುತ್ತಾ ಹಿಡಿಯಬೇಕು; ಗಾಡಿ ನೇರವಾಗಿರುವಾಗಲೇ ಹಿಡಿಯಬೇಕು. ತಿರುವಿನಲ್ಲಿ, ಮರಳಿನ ಮೇಲೆ, ಒದ್ದೆ ರಸ್ತೆಯಲ್ಲಿ ಗಾಡಿ ವಾಲಿರುವಾಗ ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಮಾತ್ರ ಮಾಮು ಹೇಳಿದಂತೆಯೇ ಆಗುತ್ತದೆ. ಅಂದರೆ ವೇಗವನ್ನು ತಿರುವಿಗೆ ಮುಂಚೆಯೇ ತಗ್ಗಿಸಬೇಕು. ಇದನ್ನು ಖಾಲಿ ಮೈದಾನದಲ್ಲಿ ಇಪ್ಪತ್ತು ಸಲ ಅಭ್ಯಾಸ ಮಾಡಬೇಕು. ಅಡ್ಡ ಬಂದ ಮಗುವಿನ ಮುಂದೆ ಕಲಿಯುವ ವಿದ್ಯೆ ಇದಲ್ಲ. 2019ರ ಏಪ್ರಿಲ್‌ನಿಂದ 125 ಸಿ.ಸಿ.ಗಿಂತ ದೊಡ್ಡ ಬೈಕುಗಳಿಗೆ ಎ.ಬಿ.ಎಸ್., ಅದಕ್ಕಿಂತ ಚಿಕ್ಕವುಗಳಿಗೆ ಎರಡೂ ಚಕ್ರಗಳಿಗೆ ಬ್ರೇಕ್ ಹಂಚುವ ವ್ಯವಸ್ಥೆ ಕಡ್ಡಾಯವಾಯಿತು. ಒಳ್ಳೆಯದು. ಆದರೆ ನಮ್ಮ ಬಡ ಮನೆಗಳ ಹುಡುಗರು ಕಲಿಯುವುದು ಮೂರನೆಯ ಕೈಗೆ ಬಂದ ಹಳೆಯ ಗಾಡಿಯಲ್ಲಿ. ಬಕ್ರೀದ್‌ಗೆ ಕುರಿ ಕೊಳ್ಳುವಾಗ ಹಲ್ಲು ನೋಡುವ ನಾವು ಹಳೆಯ ಬೈಕ್ ಕೊಳ್ಳುವಾಗ ಟೈರು ನೋಡುವುದಿಲ್ಲ, ಬ್ರೇಕ್ ಶೂ ನೋಡುವುದಿಲ್ಲ, ಸ್ಟಿಕ್ಕರ್ ನೋಡುತ್ತೇವೆ.

ಎರಡನೆಯ ತಪ್ಪು ವೇಗದ ಲೆಕ್ಕ. ಗಂಟೆಗೆ 40 ಕಿಲೋಮೀಟರ್‌ನಲ್ಲಿ ಹೋಗುವವನು ಒಂದು ಸೆಕೆಂಡಿನಲ್ಲಿ 11 ಮೀಟರ್ ಸಾಗಿರುತ್ತಾನೆ. ಎದುರಿನ ಅಪಾಯವನ್ನು ಕಂಡು ಕೈ ಬ್ರೇಕಿನ ಮೇಲೆ ಬರುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆದಿರುತ್ತದೆ. ಬಳಿಕ ಒಳ್ಳೆಯ ರಸ್ತೆಯಲ್ಲಿ, ಎರಡೂ ಬ್ರೇಕ್ ಸರಿಯಾಗಿ ಹಿಡಿದರೆ ಇನ್ನೂ ಸುಮಾರು 10 ಮೀಟರ್ ಸಾಗಿ ನಿಲ್ಲುತ್ತದೆ. ಒಟ್ಟು 21 ಮೀಟರ್. 60ರ ವೇಗದಲ್ಲಿ ಬ್ರೇಕಿಗೆ ಮುಂಚೆ 17, ಬ್ರೇಕಿನ ಬಳಿಕ 23. ಒಟ್ಟು 40 ಮೀಟರ್. ವೇಗ ಹೆಚ್ಚಿದ್ದು ಒಂದೂವರೆ ಪಟ್ಟು, ನಿಲ್ಲಲು ಬೇಕಾದ ದೂರ ಇಮ್ಮಡಿ. ಇಷ್ಟು ಅಪಾಯ ಹೊತ್ತು ಯಲ್ದೂರಿನಿಂದ ಶ್ರೀನಿವಾಸಪುರಕ್ಕೆ ಹೋಗುವಾಗ ಉಳಿಯುವುದು ಕೆಲವೇ ನಿಮಿಷ. ಆ ನಿಮಿಷಗಳನ್ನು ಉಳಿಸಿ ನಾವು ಮಾಡುವ ಕೆಲಸವಾದರೂ ಏನು? ಚಹಾದಂಗಡಿಯ ಮುಂದೆ ಅರ್ಧ ಗಂಟೆ ನಿಲ್ಲುವುದು.

ಮೂರನೆಯದು ಕಣ್ಣಿನ ತಪ್ಪು. ಹೊಸ ಸವಾರ ಗುಂಡಿಯನ್ನು ಕಂಡರೆ ಗುಂಡಿಯನ್ನೇ ನೋಡುತ್ತಾ ಹೋಗಿ ಅದಕ್ಕೇ ಬೀಳುತ್ತಾನೆ. ಎದುರು ಲಾರಿ ಬಂದರೆ ಅದರ ಬೆಳಕನ್ನೇ ದಿಟ್ಟಿಸುತ್ತಾನೆ. ಕಣ್ಣು ಎಲ್ಲಿಗೋ ಗಾಡಿಯೂ ಅಲ್ಲಿಗೆ. ಆದ್ದರಿಂದ ತಪ್ಪಿಸಬೇಕಾದುದನ್ನು ಒಮ್ಮೆ ಗುರುತಿಸಿ, ಹೋಗಬೇಕಾದ ದಾರಿಯ ಕಡೆಗೆ ದೃಷ್ಟಿ ಇಡಬೇಕು. ಇದನ್ನು ಅನುಭವಿ ಸವಾರರು ತಿಳಿದೇ ಮಾಡುತ್ತಾರೆ, ಆದರೆ ಹುಡುಗರಿಗೆ ಬಾಯಿಬಿಟ್ಟು ಹೇಳಿಕೊಡುವುದಿಲ್ಲ.

ನಾಲ್ಕನೆಯದಾಗಿ, ನಮ್ಮ ಸೀಮೆಯ ರಸ್ತೆಗೆ ಅದರದೇ ಆದ ಪಾಠಗಳಿವೆ. ಅವು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡುವುದನ್ನು ನೀವೆಲ್ಲ ನೋಡಿದ್ದೀರಿ. ಒಣಗಿದ ಹುರುಳಿ ಸೊಪ್ಪಿನ ಮೇಲೆ ಬ್ರೇಕ್ ಹಿಡಿಯುವುದೆಂದರೆ ಎಣ್ಣೆಯ ಮೇಲೆ ಹಿಡಿದಂತೆ. ಅಲ್ಲಿಗೆ ತಲುಪುವ ಮುನ್ನವೇ ವೇಗ ಕಡಿಮೆ ಮಾಡಿ, ಹ್ಯಾಂಡಲ್ ನೇರವಾಗಿಟ್ಟು, ಬ್ರೇಕ್ ಮುಟ್ಟದೆ ದಾಟಬೇಕು. ರೈತರನ್ನು ಬೈಯ್ಯುವುದು ಸುಲಭ. ಅವರಿಗೆ ಒಕ್ಕಣೆಯ ಕಣವನ್ನು ಒದಗಿಸದ ಆಡಳಿತವನ್ನು ಯಾರೂ ಕೇಳುವುದಿಲ್ಲ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಗಳಿಗೆ ಹೋಗುವ ಟ್ರ್ಯಾಕ್ಟರ್, ಟೆಂಪೋಗಳು ರಾತ್ರಿ ರಸ್ತೆಬದಿಯಲ್ಲಿ ಹಿಂದಿನ ದೀಪವಿಲ್ಲದೆ ನಿಂತಿರುತ್ತವೆ. ಎದುರಿನ ವಾಹನದ ಬೆಳಕು ಕಣ್ಣಿಗೆ ಬಿದ್ದಾಗ ಅವು ಕಾಣುವುದೇ ಇಲ್ಲ. ಕಾಣದಿದ್ದಾಗ ವೇಗ ಇಳಿಸುವುದೊಂದೇ ಉಪಾಯ. ಬೇಸಿಗೆಯ ನಂತರದ ಮೊದಲ ಮಳೆಯಲ್ಲಿ ರಸ್ತೆಯ ಮೇಲಿನ ಧೂಳು, ಎಣ್ಣೆ ಎಲ್ಲ ಸೇರಿ ಪಾಚಿಯಂತಾಗುತ್ತದೆ. ಬಣ್ಣ ಬಳಿಯದ ಹಂಪ್‌ಗಳು ಇರುಳಿನಲ್ಲಿ ಕಾಣುವುದಿಲ್ಲ. ಸೈಡ್ ಸ್ಟ್ಯಾಂಡ್ ಎತ್ತದೆ ಹೊರಟವನು ಮೊದಲ ಎಡತಿರುವಿನಲ್ಲೇ ಬೀಳುತ್ತಾನೆ. ಹಾಲಿನ ಕ್ಯಾನನ್ನು ಒಂದೇ ಪಕ್ಕಕ್ಕೆ ನೇತುಹಾಕಿದವನ ಗಾಡಿ ಆ ಪಕ್ಕಕ್ಕೇ ಎಳೆಯುತ್ತದೆ. ಇವೆಲ್ಲ ಸಣ್ಣ ವಿಷಯಗಳು. ಬಹಳಷ್ಟು ಜನ ಸತ್ತಿರುವುದು ಇಂತಹ ಸಣ್ಣ ವಿಷಯಗಳಿಂದಲೇ.

ಸಹೋದರರೇ, ಈಗ ನಾವು ಹೇಳಲಿರುವ ವಿಷಯವನ್ನು ಇದುವರೆಗೆ ಯಾವ ಸಭೆಯಲ್ಲೂ ಹೇಳಿಲ್ಲ.

2013ರಲ್ಲಿ ನಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಾಲ ಮಾಡಿ ಒಂದು ಬೈಕ್ ಕೊಂಡೆವು. ಹೊಸ ಗಾಡಿಯ ಹಿಂದಿನ ಚಕ್ರದ ಎಡಪಕ್ಕದಲ್ಲಿ ಒಂದು ಸೀರೆ ಗಾರ್ಡ್ ಇತ್ತು. ಅದು ಗಾಡಿಯ ಅಂದ ಕೆಡಿಸುತ್ತದೆಂದು ಗೆಳೆಯರು ನಕ್ಕರು. ನಾವು ಅದನ್ನು ಗ್ಯಾರೇಜಿನಲ್ಲಿ ಬಿಚ್ಚಿಸಿ ಮನೆಯ ಅಟ್ಟಕ್ಕೆ ಎಸೆದೆವು. ಒಂದು ತಿಂಗಳು ಕಳೆದಿರಬಹುದು. ಸಂಬಂಧಿಕರ ಮದುವೆಗೆಂದು ನಮ್ಮ ತಾಯಿಯವರನ್ನು ಹಿಂದೆ ಕೂರಿಸಿಕೊಂಡು ಹೊರಟೆವು. ಅವರು ಬುರ್ಖಾ ಧರಿಸಿ, ಒಂದು ಪಕ್ಕಕ್ಕೆ ಕಾಲು ಹಾಕಿ, ಕೈಯಲ್ಲಿ ಉಡುಗೊರೆಯ ಚೀಲ ಹಿಡಿದು ಕುಳಿತಿದ್ದರು. 'ಮಗಾ, ನಿಧಾನ' ಎಂದು ಎರಡು ಸಲ ಹೇಳಿದರು. ನಾವು ನಿಧಾನವಾಗಿಯೇ ಹೋಗುತ್ತಿದ್ದೆವು. ವೇಗ ಆ ದಿನದ ತಪ್ಪಾಗಿರಲಿಲ್ಲ. ಬುರ್ಖಾದ ಅಂಚು ಹಿಂದಿನ ಚಕ್ರಕ್ಕೆ ಸಿಕ್ಕಿತು. ಬಟ್ಟೆ ಎಳೆದ ಸದ್ದಷ್ಟೇ ಕೇಳಿತು. ತಿರುಗಿ ನೋಡುವಷ್ಟರಲ್ಲಿ ತಾಯಿಯವರು ರಸ್ತೆಯ ಮೇಲಿದ್ದರು.

ಸೊಂಟದ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು. ತಲೆಗೆ ಹೆಲ್ಮೆಟ್ ಇರಲಿಲ್ಲ. ತಲೆ ಬಿದ್ದದ್ದು ರಸ್ತೆಬದಿಯ ಮಣ್ಣಿನ ಮೇಲೆ. ಒಂದು ಮೊಳ ಆಚೆ ಬಿದ್ದಿದ್ದರೆ ಟಾರು ಇತ್ತು, ಇಂದು ನಾವು ನಿಮ್ಮ ಮುಂದೆ ನಿಂತು ಮಾತನಾಡುವ ಧೈರ್ಯ ಮಾಡುತ್ತಿರಲಿಲ್ಲ. ಅಂದಿನಿಂದ ಅವರಿಗೆ ನೆಲದ ಮೇಲೆ ಕುಳಿತುಕೊಳ್ಳಲಾಗುವುದಿಲ್ಲ. ನಮಾಝ್ ಕೂಡಾ ಕುರ್ಚಿಯ ಮೇಲೆಯೇ. ಆಸ್ಪತ್ರೆಗೆ ನೋಡಲು ಬಂದ ನೆಂಟರಿಗೆಲ್ಲ ಅವರು ಹೇಳಿದ್ದು ಒಂದೇ ಮಾತು: 'ನನಗೇ ತಲೆ ಸುತ್ತು ಬಂತು, ಬಿದ್ದುಬಿಟ್ಟೆ.' ಅಟ್ಟದ ಮೇಲೆ ಬಿದ್ದಿದ್ದ ಗಾರ್ಡಿನ ವಿಷಯ ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವರು ಅದನ್ನು ಎತ್ತಲಿಲ್ಲ. ನಾವು ಅವರ ಮೌನದ ನೆರಳಲ್ಲಿ ಹಾಯಾಗಿ ನಿರಪರಾಧಿಯಾಗಿದ್ದೆವು.

ಇಂದು ಇಲ್ಲಿಗೆ ಹೊರಡುವಾಗ ಅವರ ಬಳಿ ಕುಳಿತು, ಈ ವಿಷಯವನ್ನು ಹೇಳಲೇ ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೇಳು. ಆದರೆ ಬುರ್ಖಾದಿಂದ ಬಿದ್ದಳು ಅಂತ ಯಾರೂ ಅನ್ನಬಾರದು, ಹಾಗೆ ಹೇಳು' ಎಂದರು.

ಆ ಮಾತಿನಲ್ಲಿ ನಮ್ಮೆಲ್ಲರಿಗೂ ಪಾಠವಿದೆ. ಚಕ್ರಕ್ಕೆ ಬುರ್ಖಾ ಎಂದೂ ಗೊತ್ತಿಲ್ಲ, ಸೀರೆಯ ಸೆರಗೆಂದೂ ಗೊತ್ತಿಲ್ಲ. ದುಪ್ಪಟ್ಟಾ ಸಿಕ್ಕಿ ಬಿದ್ದವರು, ಸೆರಗು ಸಿಕ್ಕಿ ಬಿದ್ದವರು, ಮಫ್ಲರ್ ಸಿಕ್ಕಿ ಬಿದ್ದ ಗಂಡಸರು ಎಲ್ಲ ಊರುಗಳಲ್ಲೂ ಇದ್ದಾರೆ. ಆದ್ದರಿಂದಲೇ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮವು ಪ್ರತಿ ಬೈಕಿಗೂ ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್ ಹಾಗೂ ಹಿಂದಿನ ಚಕ್ರದ ಕನಿಷ್ಠ ಅರ್ಧ ಭಾಗವನ್ನು ಮುಚ್ಚುವ ರಕ್ಷಣೆ ಇರಬೇಕೆಂದು ಹೇಳುತ್ತದೆ. ಅದನ್ನು ಕಂಪೆನಿ ಅಳವಡಿಸಿ ಕೊಡುತ್ತದೆ, ನಾವು ಅಂದಕ್ಕಾಗಿ ಬಿಚ್ಚಿಸುತ್ತೇವೆ. ಇಂದು ಮನೆಗೆ ಹೋಗಿ ನೋಡಿ. ಗಾರ್ಡ್ ಇಲ್ಲದಿದ್ದರೆ ನಾಳೆಯೇ ಹಾಕಿಸಿ. ಸಹೋದರಿಯರು ಕೂರುವ ಮುನ್ನ ಬಟ್ಟೆಯ ಅಂಚನ್ನು ಒಟ್ಟುಗೂಡಿಸಿ ತೊಡೆಯಡಿ ಸಿಕ್ಕಿಸಿಕೊಳ್ಳಬೇಕು. ಸಾಧ್ಯವಿದ್ದವರು ಎರಡೂ ಕಡೆ ಕಾಲು ಹಾಕಿ ಕೂರುವುದೇ ಸುರಕ್ಷಿತ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕೈಯಲ್ಲಿ ಚೀಲ, ಮಡಿಲಲ್ಲಿ ಮಗು, ಹಿಡಿಯಲು ಏನೂ ಇಲ್ಲ ಎಂಬ ಸ್ಥಿತಿಯಲ್ಲಿ ಹೆಂಗಸರನ್ನು ಕೂರಿಸಿ ಹೊರಡುವ ಗಂಡಸು, ಅವರು ಸರಿಯಾಗಿ ಕುಳಿತರೇ ಎಂದು ಒಮ್ಮೆ ತಿರುಗಿ ನೋಡುವುದು ಕರ್ತವ್ಯವಾಗಿದೆ.

ಹಾಗೆಯೇ ಐವರ ಸವಾರಿ. ಮುಂದೆ ಟ್ಯಾಂಕಿನ ಮೇಲೆ ಒಂದು ಮಗು, ನಡುವೆ ಒಂದು, ಹಿಂದೆ ತಾಯಿಯ ಮಡಿಲಲ್ಲಿ ಇನ್ನೊಂದು. ಮೋಟಾರು ವಾಹನ ಕಾಯ್ದೆಯ 128ನೆಯ ಕಲಮಿನ ಪ್ರಕಾರ ಸವಾರನಲ್ಲದೆ ಒಬ್ಬರಿಗೆ ಮಾತ್ರ ಅವಕಾಶ. ಬ್ರೇಕ್ ಹಿಡಿದೊಡನೆ ಟ್ಯಾಂಕಿನ ಮೇಲಿನ ಮಗುವೇ ಮೊದಲು ಹ್ಯಾಂಡಲಿಗೆ ಅಪ್ಪಳಿಸುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯುವಾಗ ಮಗುವನ್ನು ಸವಾರನಿಗೆ ಬಿಗಿಯುವ ಪಟ್ಟಿ, ಅದರ ಅಳತೆಯ ಹೆಲ್ಮೆಟ್ ಇರಬೇಕು, ವೇಗ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಾಗಿದೆ. ಬಡವನಿಗೆ ಕಾರು ಇಲ್ಲ, ನಾಲ್ವರನ್ನು ಹೇಗೆ ಕರೆದೊಯ್ಯಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮದುವೆಗೆ ಲಕ್ಷ ಖರ್ಚು ಮಾಡುವವರು ಬಂದು ಹೋಗುವ ಬಡ ನೆಂಟರಿಗೆ ಒಂದು ಟೆಂಪೋ ಗೊತ್ತು ಮಾಡಿದರೆ ಊಟದ ಎರಡು ಬಗೆ ಕಡಿಮೆಯಾಗಬಹುದು, ಅಷ್ಟೇ. ಹಾಗೆಯೇ ಹಳ್ಳಿಗಳಿಗೆ ಸಂಜೆಯ ಬಸ್ಸು ಹೆಚ್ಚಿಸಿ ಎಂದು ಕೇಳುವುದು ನಮ್ಮ ಹಕ್ಕು. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆರಂಭವಾಯಿತು. ಆದರೆ ಊರಿಗೆ ಬಸ್ಸೇ ಬಾರದಿದ್ದರೆ ಉಚಿತ ಟಿಕೆಟ್ಟಿನಿಂದ ಪ್ರಯೋಜನವೇನು? ಚುನಾವಣೆಯ ಹೊತ್ತಿನಲ್ಲಿ ಈ ಪ್ರಶ್ನೆಯನ್ನೂ ನಾಯಕರ ಮುಂದಿಡಬೇಕು.

ಹೆಲ್ಮೆಟ್ ಬಗ್ಗೆ ಒಂದು ಇತಿಹಾಸ ಹೇಳುತ್ತೇವೆ. ಅರಬ್ ನಾಡುಗಳ ಚರಿತ್ರೆ ಓದಿದವರಿಗೆ ಲಾರೆನ್ಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ಗೊತ್ತಿರುತ್ತದೆ. ಮೊದಲ ಮಹಾಯುದ್ಧದಲ್ಲಿ ಉಸ್ಮಾನಿ ಆಡಳಿತದ ವಿರುದ್ಧ ಅರಬರ ಬಂಡಾಯದ ಜೊತೆಗಿದ್ದವನು. ಅವನ ರಾಜಕೀಯದ ಬಗ್ಗೆ ನಮಗೆ ಹೇಳುವುದು ಬಹಳವಿದೆ, ಇಂದಲ್ಲ. ಯುದ್ಧಭೂಮಿಯಲ್ಲಿ ಬದುಕುಳಿದ ಅವನು 1935ರ ಮೇ 13ರಂದು ಇಂಗ್ಲೆಂಡಿನ ಒಂದು ಹಳ್ಳಿರಸ್ತೆಯಲ್ಲಿ ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬೈಕಿನಿಂದ ಬಿದ್ದ. ತಲೆಗೆ ರಕ್ಷಣೆ ಇರಲಿಲ್ಲ. ಆರು ದಿನಗಳ ಬಳಿಕ ತೀರಿಕೊಂಡ. ಅವನನ್ನು ಪರೀಕ್ಷಿಸಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರತಜ್ಞರಿದ್ದರು. ಅವರು ಬೈಕ್ ಸವಾರರ ತಲೆಪೆಟ್ಟುಗಳ ಕುರಿತು ಅಧ್ಯಯನ ನಡೆಸಿ 1941ರಲ್ಲಿ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಇಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳುವುದೇನೆಂದರೆ, ಹೆಲ್ಮೆಟ್ ಧರಿಸಿದರೆ ಅಪಘಾತದಲ್ಲಿ ಸಾಯುವ ಸಂಭವ ನೂರಕ್ಕೆ 42ರಷ್ಟು, ತಲೆಗೆ ಪೆಟ್ಟಾಗುವ ಸಂಭವ 69ರಷ್ಟು ತಗ್ಗುತ್ತದೆ.

ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಅದು ಪೊಲೀಸರ ಹಣ ವಸೂಲಿಯ ತಂತ್ರವೆಂದು ಅಂದು ಬಹಳ ಮಂದಿ ಹೇಳಿದರು. 2021ರ ಜೂನ್‌ನಲ್ಲಿ ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ ಬೆಂಗಳೂರಿನಲ್ಲಿ ಗೆಳೆಯನ ಬೈಕಿನ ಹಿಂದೆ ಕುಳಿತು ಹೋಗುತ್ತಿದ್ದಾಗ ಗಾಡಿ ಜಾರಿ ಬಿದ್ದು, ತಲೆಗೆ ಬಿದ್ದ ಪೆಟ್ಟಿನಿಂದ ತೀರಿಕೊಂಡರು. ಅವರ ಕುಟುಂಬದವರು ಅವರ ಅಂಗಾಂಗಗಳನ್ನು ದಾನ ಮಾಡಿದರು. ರಸ್ತೆಗೆ ಓಡಿಸುವವನ ತಲೆ, ಹಿಂದೆ ಕುಳಿತವನ ತಲೆ ಎಂಬ ಭೇದವಿಲ್ಲ. ಒಂದು ವಿಷಯ ಗಮನಿಸಿ: 2021ರ ಜೂನ್ 1ರಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್‌ಗಳ ತಯಾರಿಕೆ, ಮಾರಾಟ ಎರಡೂ ನಿಷಿದ್ಧ. ರಸ್ತೆಬದಿಯಲ್ಲಿ ಸಿಗುವ ಅರ್ಧ ಟೋಪಿ ಪೊಲೀಸರ ಕಣ್ಣು ತಪ್ಪಿಸೀತು, ಟಾರಿನಿಂದ ತಪ್ಪಿಸದು. ಗಲ್ಲದ ಪಟ್ಟಿ ಬಿಗಿಯದ ಹೆಲ್ಮೆಟ್ ತಲೆಗಿಂತ ಮೊದಲು ಹಾರಿ ಹೋಗುತ್ತದೆ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟನ್ನು ಮತ್ತೆ ಬಳಸಬಾರದು.

ಇನ್ನು ಹೆತ್ತವರಿಗೆ ನಮ್ಮ ವಿನಂತಿ. 'ಎಸ್ಸೆಸ್ಸೆಲ್ಸಿ ಪಾಸಾದರೆ ಬೈಕ್ ಕೊಡಿಸುತ್ತೇನೆ' ಎಂದು ಮಾತು ಕೊಡುವ ತಂದೆಯಂದಿರು ಇಲ್ಲಿದ್ದಾರೆ. 'ನಮ್ಮ ಹುಡುಗ ಹದಿನಾಲ್ಕಕ್ಕೇ ಗಾಡಿ ಓಡಿಸುತ್ತಾನೆ' ಎಂದು ನೆಂಟರ ಮುಂದೆ ಹೆಮ್ಮೆಪಡುವವರೂ ಇದ್ದಾರೆ. ಗೇರ್ ಇರುವ ಬೈಕ್ ಓಡಿಸಲು 18 ವರ್ಷ ತುಂಬಿರಬೇಕು. 2019ರಲ್ಲಿ ತಿದ್ದುಪಡಿಯಾದ ಕಾಯ್ದೆಯ 199ಎ ಕಲಮನ್ನು ಪ್ರತಿಯೊಬ್ಬ ತಂದೆಯೂ ತಿಳಿದಿರಬೇಕು. ಅಪ್ರಾಪ್ತ ಮಗ ವಾಹನ ಓಡಿಸಿ ಅಪರಾಧವಾದರೆ, ಪೋಷಕರ ಒಪ್ಪಿಗೆಯಿಂದಲೇ ಓಡಿಸಿದನೆಂದು ಕಾನೂನು ಭಾವಿಸುತ್ತದೆ. ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ. ಮಗನ ಕೈಗೆ ಕೀಲಿ ಕೊಡುವ ತಂದೆ, ಅವನು ಕೆಲಸಕ್ಕೆ ಸೇರುವ ವಯಸ್ಸಿನಲ್ಲಿ ಅವನ ಕೈ ಕಟ್ಟಿಹಾಕುತ್ತಿದ್ದಾನೆ. ಸಾಲದ್ದಕ್ಕೆ, ಪರವಾನಗಿ ಇಲ್ಲದವನಿಂದ ಅಪಘಾತವಾದರೆ ವಿಮಾ ಕಂಪೆನಿ ಗಾಯಗೊಂಡವರಿಗೆ ಕೊಟ್ಟ ಪರಿಹಾರವನ್ನು ಮಾಲೀಕನಿಂದಲೇ ವಸೂಲಿ ಮಾಡಲು ಬರಬಹುದು. ಒಂದು ಮನೆ, ಒಂದು ತುಂಡು ಜಮೀನು ಹೀಗೆ ಕೈಬಿಟ್ಟು ಹೋಗಬಹುದು.

ಆದರೆ ಹದಿನೆಂಟು ತುಂಬಿದೊಡನೆ ಎಲ್ಲವೂ ಸರಿಹೋಗುವುದಿಲ್ಲ. ಮೊದಲು ಎಲ್.ಎಲ್.ಆರ್. ಮಾಡಿಸಿ. ಅದರ ಅವಧಿ ಆರು ತಿಂಗಳು. 30 ದಿನ ಕಳೆದ ಬಳಿಕ ಪರೀಕ್ಷೆ. ಆ ತಿಂಗಳನ್ನು ಲೆಕ್ಕ ಕಳೆಯುವ ದಿನಗಳೆಂದು ತಿಳಿಯದೆ ನಿಜವಾಗಿ ಕಲಿಯಲು ಬಳಸಿ. ಮೊದಲ ವಾರ ಮೈದಾನದಲ್ಲಿ ಕ್ಲಚ್, ಗೇರ್, ಬ್ರೇಕ್. ಎರಡನೆಯ ವಾರ ಬೆಳಗಿನ ಖಾಲಿ ರಸ್ತೆ. ಬಳಿಕ ಸಂತೆಯ ರಸ್ತೆ, ಆಮೇಲೆ ಮಳೆ, ಎಲ್ಲಕ್ಕಿಂತ ಕೊನೆಗೆ ರಾತ್ರಿ. ಹಿಂದೆ ಗೆಳೆಯರನ್ನು ಕೂರಿಸುವುದು ಪರವಾನಗಿ ಬಂದು ಕೆಲವು ತಿಂಗಳಾದ ಮೇಲೆ. ಹಿಂದೆ ಭಾರ ಕುಳಿತಾಗ ಗಾಡಿಯ ನಡೆಯೇ ಬದಲಾಗುತ್ತದೆ. ಕಲಿಸುವ ಹಿರಿಯರು ಬೀಡಾ ತಿನ್ನಲು ಹೋಗದೆ ಕೊನೆಯವರೆಗೂ ಜೊತೆಯಲ್ಲಿರಬೇಕು. ಇದಕ್ಕಾಗಿ ಈ ಊರಿನ ಯುವಕರು ಭಾನುವಾರ ಬೆಳಿಗ್ಗೆ ಎರಡು ಗಂಟೆ ಮೀಸಲಿಟ್ಟು, ಜಾತಿ ಮತ ನೋಡದೆ ಎಲ್ಲರ ಮಕ್ಕಳಿಗೂ ಕಲಿಸಿದರೆ ಅದಕ್ಕಿಂತ ದೊಡ್ಡ ಸಮಾಜ ಸೇವೆ ಬೇರೆ ಬೇಕಿಲ್ಲ.

ಹಬ್ಬದ ರಾತ್ರಿಗಳಲ್ಲಿ ಸೈಲೆನ್ಸರ್ ಬಿಚ್ಚಿ, ಒಂದೇ ಚಕ್ರದ ಮೇಲೆ ವ್ಹೀಲಿಂಗ್ ಮಾಡುವ ಹುಡುಗರ ಬಗ್ಗೆಯೂ ಎರಡು ಮಾತು. ಇಂತಹವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ, ಆದರೆ ನಮ್ಮ ಹುಡುಗ ಮಾಡಿದರೆ ಟಿ.ವಿ.ಯಲ್ಲಿ ಬೇರೆಯೇ ಶೀರ್ಷಿಕೆ ಬರುತ್ತದೆ ಎಂದು ನಾವು ದೂರುತ್ತೇವೆ. ದೂರಿನಲ್ಲಿ ಸತ್ಯವಿದೆ. ಆದರೆ ಆ ಸದ್ದಿಗೆ ಬೆಚ್ಚಿಬಿದ್ದ ಪಕ್ಕದ ಮನೆಯ ಹಸುಗೂಸಿಗೆ, ಹೃದ್ರೋಗಿ ಅಜ್ಜನಿಗೆ ಈ ದೂರಿನಿಂದ ಸಮಾಧಾನವಾಗದು. ಮಾಧ್ಯಮಗಳನ್ನು ಪ್ರಶ್ನಿಸುವ ನೈತಿಕ ಬಲ ಬರಬೇಕಾದರೆ ಮೊದಲು ನಮ್ಮ ಮನೆಯ ಕೀಲಿ ನಮ್ಮ ಹಿಡಿತದಲ್ಲಿರಬೇಕು.

ಕೊನೆಯದಾಗಿ, ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ದಾಟಿ ಹೋಗಬೇಡಿ. ಪೊಲೀಸ್, ಕೋರ್ಟು ಎಂದು ಹೆದರುವ ಕಾಲ ಹೋಗಿದೆ. ನೆರವಾದವರನ್ನು ಪೀಡಿಸಬಾರದೆಂದು ಸುಪ್ರೀಂ ಕೋರ್ಟು 2016ರಲ್ಲೇ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು; 2019ರ ತಿದ್ದುಪಡಿಯ 134ಎ ಕಲಮು ಅವರಿಗೆ ರಕ್ಷಣೆ ನೀಡಿದೆ. ಹೆಸರು ಹೇಳುವಂತೆ ಬಲವಂತ ಮಾಡುವಂತಿಲ್ಲ. 108ಕ್ಕೆ ಕರೆ ಮಾಡಿ. ಕುತ್ತಿಗೆ ಅಲುಗಾಡಿಸಬೇಡಿ, ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದರೆ ಹೆಲ್ಮೆಟ್ ಎಳೆದು ತೆಗೆಯಬೇಡಿ, ಬಾಯಿಗೆ ನೀರು ಹಾಕಬೇಡಿ, ರಕ್ತ ಸೋರುವಲ್ಲಿ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಅಂದು ನಮ್ಮ ತಾಯಿಯವರು ಬಿದ್ದಾಗ ಮೊದಲು ಓಡಿ ಬಂದವರು ಟೊಮೆಟೊ ತೋಟದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಹೆಂಗಸರು. ಅವರ ಹೆಸರೂ ನಮಗೆ ತಿಳಿಯದು. ಅವರಲ್ಲೊಬ್ಬರು ತಮ್ಮ ಸೀರೆಯ ಸೆರಗನ್ನು ಹರಿದು ತಾಯಿಯವರ ಕೈಗೆ ಕಟ್ಟಿದರು. ಒಂದು ಬಟ್ಟೆ ಬೀಳಿಸಿತೆಂದು ಹೇಳುವವರಿಗೆ, ಇನ್ನೊಂದು ಬಟ್ಟೆ ರಕ್ತ ನಿಲ್ಲಿಸಿತೆಂದು ನಮ್ಮ ತಾಯಿಯವರು ಇಂದಿಗೂ ಹೇಳುತ್ತಾರೆ.

ಆ ಗಾರ್ಡನ್ನು ನಾವು ಅಟ್ಟದಿಂದ ಇಳಿಸಿ ಗಾಡಿಗೆ ಹಾಕಿಸಿದ್ದು ಅವರು ಆಸ್ಪತ್ರೆಯಲ್ಲಿದ್ದಾಗ. ಗ್ಯಾರೇಜಿನಲ್ಲಿ ಅದಕ್ಕೆ ಹಿಡಿದ ಸಮಯ ಹತ್ತು ನಿಮಿಷ, ಕೊಟ್ಟ ಕೂಲಿ ಮೂವತ್ತು ರೂಪಾಯಿ. ಈ ಹತ್ತು ನಿಮಿಷವನ್ನೂ ಮೂವತ್ತು ರೂಪಾಯಿಯನ್ನೂ ಒಂದು ತಿಂಗಳ ಮೊದಲೇ ಖರ್ಚು ಮಾಡಬಹುದಿತ್ತು.

ಹೊರಗೆ ನಲವತ್ತಮೂರು ಬೈಕುಗಳಿವೆ. ಹೊರಡುವ ಮುನ್ನ ಸೈಡ್ ಸ್ಟ್ಯಾಂಡ್ ನೋಡಿ, ದೀಪ ನೋಡಿ, ಚಕ್ರದ ಪಕ್ಕದಲ್ಲಿ ಗಾರ್ಡ್ ಇದೆಯೇ ನೋಡಿ. ಹದಿನೆಂಟು ತುಂಬದವರು ಕೀಲಿಯನ್ನು ತಂದೆಯವರ ಕೈಗೆ ಕೊಟ್ಟು ಹಿಂದೆ ಕುಳಿತುಕೊಳ್ಳಿ. ನಿಧಾನವಾಗಿ ಹೋಗಿ, ಮನೆಯಲ್ಲಿ ಕಾಯುತ್ತಿದ್ದಾರೆ.